ಕಳೆ ನಾಟಿ

ಸೊರಬದ ಕಡೆಯಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಬಂದವಳು ಯಶೋಧರಾ. ತವರಿಗೆ ಹೋದಾಗಲೆಲ್ಲ ಅವಳ ತಾಯಿ ಹುಲಿಗೆಮ್ಮ ಬರಿಗೈಯಲ್ಲಿ ಕಳಿಸಿದವಳಲ್ಲ. ಹಪ್ಪಳ, ಉಪ್ಪಿನಕಾಯಿ ಎಲ್ಲರ ತವರಿನಲ್ಲೂ ಕೊಡುತ್ತಾರೆ. ಹುಲಿಗೆಮ್ಮ ಅದರ ಜೊತೆಗೆ ಗಿಡ ಕೊಡುತ್ತಿದ್ದಳು. ತವರೂರು ಉಳವಿಯಲ್ಲಿ ಬಸ್ಸು ಹತ್ತುವ ಹೊತ್ತಿಗೆ ಮಗಳ ಕೈಚೀಲದ ಬಾಯಿಂದ ಒಂದು ಹಸಿರು ತುದಿ ಇಣುಕುತ್ತಿರಬೇಕು, ಇಲ್ಲದಿದ್ದರೆ ಆ ತಾಯಿಗೆ ಮಗಳನ್ನು ಕಳಿಸಿಕೊಟ್ಟ ಹಾಗೇ ಆಗುತ್ತಿರಲಿಲ್ಲ. ಬಾಳೆಪಟ್ಟೆಯಲ್ಲಿ ಸುತ್ತಿದ ಡೇರೆ ಹೂವಿನ ಗೆಡ್ಡೆ, ಒದ್ದೆ ಗೋಣಿಚೂರಿನಲ್ಲಿ ಸುಗಂಧಿಯ ಬುಡ, ಎಣ್ಣೆ ಡಬ್ಬಿಯಲ್ಲಿ ಕೂರಿಸಿದ ಜರಿಗಿಡ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸುವಾಗ ಯಶೋಧರಾ ಒಂದು ಕಂಕುಳಲ್ಲಿ ಮಗಳನ್ನೂ ಇನ್ನೊಂದರಲ್ಲಿ ಗಿಡವನ್ನೂ ಹಿಡಿದು ಓಡಿದ್ದುಂಟು. ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ ಒಬ್ಬ ಕಂಡಕ್ಟರು ಸುಗಂಧಿಯ ಕಡೆ ಕೈ ತೋರಿಸಿ, "ನಿಮಗೆ ಫ್ರೀ ಅಮ್ಮಾ, ಇವರಿಗೆ ತಗೋಬೇಕಾಗ್ತದೆ" ಎಂದು ಬಸ್ಸನ್ನೆಲ್ಲ ನಗಿಸಿದ್ದ.

ಹೀಗೆ ಯಶೋಧರಾ ಶಿಕಾರಿಪುರದ ಬಡಾವಣೆಯ ಸೈಟಿನಲ್ಲಿ ಉಳವಿಯ ಹಿತ್ತಲನ್ನು ಇಳಿಸಲು ಹೊರಟಳು. ತವರಿನಲ್ಲಿ ಆ ಗಿಡಗಳಿಗೆ ನೀರು ಹಾಕುವುದು ಎಂಬ ಕೆಲಸವೇ ಇರಲಿಲ್ಲ. ಬಚ್ಚಲ ಹಿಂದಿನ ಜವುಗಿನಲ್ಲಿ ಸುಗಂಧಿ ತಾನೇ ಮೆಳೆ ಕಟ್ಟುತ್ತಿತ್ತು. ಇಲ್ಲಿ ಹಾಗಲ್ಲ. ಮಳೆಗಾಲದಲ್ಲಿ ನಗುತ್ತಿದ್ದ ಗಿಡಗಳು ಶಿವರಾತ್ರಿ ಕಳೆಯುತ್ತಲೇ ಮುಖ ಜೋಲು ಹಾಕುತ್ತಿದ್ದವು. ಬೆಳಿಗ್ಗೆ ಪೈಪು, ಸಂಜೆ ಪೈಪು. ಗಂಡ ಮಾಲತೇಶ ಹಸಿರು ಪರದೆ ಕಟ್ಟಿಕೊಟ್ಟ. ಗಿಡಗಳು ಕಾಯಿಲೆಯ ಮಕ್ಕಳಂತೆ ಬದುಕಿದವು. ಒಂದು ಬೇಸಿಗೆ ಬೋರ್‌ವೆಲ್ಲು ಸೊರಗಿ ಕೆಸರು ಕಾರತೊಡಗಿದಾಗ ಮಾತ್ರ ಕುಡಿಯುವ ನೀರೋ ಡೇರೆಗೆ ನೀರೋ ಎಂಬ ಪ್ರಶ್ನೆ ಎದ್ದಿತು. ಅಕ್ಕಿ ತೊಳೆದ ನೀರನ್ನು ಚಂಬಿನಲ್ಲಿ ಹೊತ್ತು ಕೆಲವು ದಿನ ನಡೆಸಿದಳು. ಮೊದಲು ಜರಿಗಿಡ ಹೋಯಿತು, ಆಮೇಲೆ ಸುಗಂಧಿ. ಡೇರೆಯ ಗೆಡ್ಡೆ ಅಗೆದು ನೋಡಿದರೆ ಒಳಗೆ ಹತ್ತಿಯಂತೆ ಒಣಗಿತ್ತು.

ಅದೇ ಸಂಜೆ ತಾಯಿಯ ಫೋನು ಬಂತು. ಹುಲಿಗೆಮ್ಮನದು ಗುಂಡಿ ಒತ್ತುವ ಹಳೇ ಫೋನು. ಅವಳ ಮೊದಲ ಮಾತು ಯಾವಾಗಲೂ ಒಂದೇ: "ಡೇರೆ ಹೂ ಬಿಟ್ಟದ್ಯನೇ?" ಸತ್ತುಹೋಯಿತು ಅನ್ನಲು ಯಶೋಧರಾಳಿಗೆ ಬಾಯಿ ಬರಲಿಲ್ಲ. ಬಿಟ್ಟಿದೆಯಮ್ಮ, ಕೆಂಪಗೆ, ತಟ್ಟೆಯಷ್ಟಗಲ, ಅಂದಳು. ಅಲ್ಲಿಂದ ಮುಂದೆ ಅವಳ ಡೇರೆ ಫೋನಿನಲ್ಲಿಯೇ ಹೂ ಬಿಡತೊಡಗಿತು. ಯಾವ ತಿಂಗಳು ಯಾವ ಹೂ ಬಿಟ್ಟಿದೆ ಎಂದು ನೆನಪಿಟ್ಟುಕೊಳ್ಳುವುದೇ ಒಂದು ಬೇಸಾಯವಾಯಿತು. ಒಮ್ಮೆ ಮರೆತು ಯುಗಾದಿಯ ಬಿಸಿಲಿನಲ್ಲಿ ಸೇವಂತಿಗೆ ಅರಳಿಸಿಬಿಟ್ಟು, ಈ ಬಿಸಿಲಿಗೆಂಥ ಸೇವಂತಿಗೆಯೇ ಎಂದು ತಾಯಿ ಅತ್ತಲಿಂದ ಕೇಳಿದಾಗ, ಫೋನು ಸರಿಯಾಗಿ ಕೇಳಿಸುತ್ತಿಲ್ಲ ಎಂದು ಇಟ್ಟುಬಿಟ್ಟಿದ್ದಳು.

ಇತ್ತ ಅಂಗಳದಲ್ಲಿ ನಡೆದದ್ದೇ ಬೇರೆ. ಯಶೋಧರಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಮಿಷನ್ನು ಕಿಟಕಿಯ ಪಕ್ಕದಲ್ಲಿತ್ತು. ಆ ವರ್ಷ ಮೊದಲ ಮಳೆ ಬಿದ್ದ ಮೇಲೆ ಡೇರೆಯ ಖಾಲಿ ಪಾತಿಯಲ್ಲಿ ಏನೇನೋ ತಾನಾಗಿ ಮೊಳೆಯಿತು. ಕೀಳಲು ಮನಸ್ಸಾಗಲಿಲ್ಲ, ಬಿಟ್ಟಳು. ಶ್ರಾವಣದ ಒಂದು ಬೆಳಿಗ್ಗೆ ಜಾಕೀಟಿನ ತೋಳು ಕೂಡಿಸುತ್ತ ತಲೆ ಎತ್ತಿದರೆ ಅಂಗಳದ ತುಂಬ ತುಂಬೆ ಹೂ, ಬಿಳಿ ಎಳ್ಳು ಚೆಲ್ಲಿದ ಹಾಗೆ. ಅದರ ಮೇಲೆ ಹಳದಿ ಚಿಟ್ಟೆಗಳು. ಒಂದು ಚಂಬು ನೀರನ್ನೂ ಕೇಳದೆ ಬಂದು ಕೂತಿದ್ದ ಈ ಗಿಡಗಳ ಮೇಲೆ ಅವಳಿಗೆ ಅಕ್ಕರೆ ಹುಟ್ಟಿತು.

ಆಮೇಲೆ ಬೇಕೆಂದೇ ಮಾಡಿದಳು. ತಾರಸಿಯ ನೀರು ನಿಂತು ಇಂಗುವ ಹಾಗೆ ಅಂಗಳದ ನಡುವೆ ಬಾಣಲೆಯಂಥ ತಗ್ಗು ತೆಗೆಸಿದಳು. ಅದರ ಅಂಚಿಗೆ ಲಾವಂಚ, ಕಾಂಪೌಂಡಿನ ಉದ್ದಕ್ಕೆ ಲಕ್ಕಿ. ಬಚ್ಚಲ ನೀರು ಮರಳು, ಜಲ್ಲಿಯಲ್ಲಿ ಸೋಸಿಕೊಂಡು ದಾಸವಾಳ, ನಂದಿಬಟ್ಟಲಿನ ಬುಡಕ್ಕೆ ಹೋಗುವಂತೆ ಕಾಲುವೆ. ಮಿಕ್ಕ ಜಾಗವೆಲ್ಲ ತುಂಬೆ, ಹೊನಗೊನ್ನೆ, ವಿಷ್ಣುಕ್ರಾಂತಿ, ಗಣಿಕೆ, ನೆಲನೆಲ್ಲಿ, ಗೋರಟೆಯದು. ಪಾರ್ಥೇನಿಯಂ ಕಂಡರೆ ಮಾತ್ರ ಕಿತ್ತೆಸೆಯುತ್ತಿದ್ದಳು. ಬೇಸಿಗೆಯಲ್ಲಿ ಒಣಗುವುದು ಒಣಗಿ ನೆಲಕ್ಕೆ ಹೊದಿಕೆಯಾಗುತ್ತಿತ್ತು, ಮಳೆಗೆ ಮತ್ತೆ ಏಳುತ್ತಿತ್ತು. ಮೊಳೆಗೆ ನೇತುಹಾಕಿದ ಪೈಪಿನೊಳಗೆ ಜೇಡ ಸಂಸಾರ ಹೂಡಿತು.

ಊರಿನವರಿಗೆ ಇದು ನಗೆಯ ವಿಷಯವಾಯಿತು, ಯಾಕೆಂದರೆ ಮಾಲತೇಶನದು ಗೊಬ್ಬರ ಮತ್ತು ಔಷಧಿಯ ಅಂಗಡಿ. ಸುತ್ತಿನ ಹಳ್ಳಿಗಳಿಗೆಲ್ಲ ಕಳೆ ಸಾಯುವ ಔಷಧಿ ಮಾರುವವನ ಮನೆಯ ಮುಂದೆ ಕಳೆ ಹುಲುಸಾಗಿದೆ. ಅವನು ಯಾರು ಏನೆಂದರೂ, ಅದು ನಮ್ಮನೆಯವರ ಇಲಾಖೆ ಎಂದು ನಕ್ಕು ಸುಮ್ಮನಾಗುತ್ತಿದ್ದ. ಅವನ ತಾಯಿ ಗುಡ್ಡಮ್ಮ ಮೊದಲ ವರ್ಷ ಗೊಣಗಿದಳು. ಎರಡನೇ ವರ್ಷ ಹೊನಗೊನ್ನೆ ಚಿವುಟಿ ಪಲ್ಯ ಮಾಡಿದಳು. ಮೂರನೇ ವರ್ಷದಿಂದ, ನಮ್ಮ ಅಂಗಳದ ತುಂಬೆಯನ್ನೇ ಶಿವನಿಗೆ ಏರಿಸೋದು ಎಂದು ಗುಡಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬರತೊಡಗಿದಳು.

ಹೀಗಿರುವಾಗ ಹುಲಿಗೆಮ್ಮನ ಫೋನು ಬಂತು. ಮೊಮ್ಮಗಳ ನಾಮಕರಣಕ್ಕೆ ಬಂದವಳು ಗದ್ದೆ, ಕೊಟ್ಟಿಗೆ ಅಂತ ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಈಗ ಈಸೂರಿನಲ್ಲಿ ಅಕ್ಕನ ಮಗನ ಮನೆ ಒಕ್ಕಲು. ಗದ್ದೆ ನೆಟ್ಟಿಯೂ ಮುಗಿದಿದೆ, ಅಲ್ಲಿಂದ ನಿನ್ನ ಮನೆಗೆ ಬಂದು ಎರಡು ದಿನ ಇದ್ದು ಹೋಗುತ್ತೇನೆ, ನಿನ್ನ ಡೇರೆ ನೋಡಿದ ಹಾಗೂ ಆಗುತ್ತದೆ, ಎಂದಳು.

ಗೆಡ್ಡೆ ಸತ್ತದ್ದಲ್ಲ ಯಶೋಧರಾಳ ಚಿಂತೆ. ತಾಯಿ ಬಾಳೆಪಟ್ಟೆಯಲ್ಲಿ ಸುತ್ತಿ ಸುತ್ತಿ ಕೊಟ್ಟದ್ದನ್ನು ಒಂದೂ ಉಳಿಸಿಕೊಳ್ಳದೆ, ಅದರ ಜಾಗದಲ್ಲಿ ಬೀದಿಯ ಗಿಡ ಬೆಳೆಸಿ ಸಂತೋಷವಾಗಿದ್ದೇನೆ ಎಂದು ಆ ಮುಖದ ಮುಂದೆ ನಿಂತು ಹೇಳುವುದು ಹೇಗೆ? ಅಮ್ಮ ಅಲ್ಲೇ ಕುಸಿದು ಕೂತರೆ? ಯೋಚಿಸಿ ಯೋಚಿಸಿ ಕೊನೆಗೆ ಪಕ್ಕದ ಮನೆಯ ಗಂಗಾಶ್ರೀಯ ಬಾಗಿಲು ತಟ್ಟಿದಳು. ಗಂಗಾಶ್ರೀಯ ಗಂಡನಿಗೆ ಪೇಟೆಯಲ್ಲಿ ಬಟ್ಟೆ ವ್ಯಾಪಾರ, ಮನೆಯ ತಾರಸಿಯ ಮೇಲೆ ಸಾಲು ಸಾಲು ಹೂವಿನ ಕುಂಡ.

ಗಂಗಾಶ್ರೀ ಕೇಳಿಸಿಕೊಂಡು ಸೆರಗು ಬಾಯಿಗೊತ್ತಿ ನಕ್ಕಳು. "ಬೀಗರು ಬಂದಾಗ ಜಮಖಾನ ಎರವಲು ಕೊಟ್ಟೀವಿ, ಬೆಳ್ಳಿ ತಟ್ಟೆ ಕೊಟ್ಟೀವಿ. ಹೂವಿನ ಕುಂಡ ಇದೇ ಮೊದ್ಲು ನೋಡ್ರಿ ಯಶೋದಕ್ಕ."

ಮಾಲತೇಶ ಗೊಬ್ಬರದ ಮೂಟೆ ಹೊತ್ತು ಪಳಗಿದ ಹೆಗಲಿನ ಮೇಲೆ ಕುಂಡ ಹೊತ್ತು ತಂದ. ಡೇರೆ, ಗುಲಾಬಿ, ಆಂಥೂರಿಯಂ ಮೆಟ್ಟಿಲ ಎರಡೂ ಬದಿಗೆ ಸಾಲಾಗಿ ಕೂತವು. ಗುಡ್ಡಮ್ಮ ಕಂಬಕ್ಕೆ ಒರಗಿ ನೋಡಿ, ನಿಮ್ಮವ್ವ ಮಗಳನ್ನು ನೋಡಾಕ ಬರ್ತಾಳೋ ಹೆಣ್ಣು ನೋಡಾಕ ಬರ್ತಾಳೋ ಎಂದು ಕೇಳಿದಳು. ಆದರೂ ಬೀಗತಿಯ ಮುಂದೆ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಳು.

ಮರುದಿನ ಸಂಜೆ ಹುಲಿಗೆಮ್ಮ ಬಂದಳು. ಗದ್ದೆಯ ಕೆಸರಿಗೆ ಬೆರಳ ಸಂದಿ ಬಿರಿದ ಕೈಗಳಲ್ಲಿ ಮೊಮ್ಮಗಳ ಕೆನ್ನೆ ಸವರಿ, ಮಗಳ ಮುಖವನ್ನು ಒಮ್ಮೆ ದಿಟ್ಟಿಸಿ ನೋಡಿ, ಆಮೇಲೆ ಮೆಟ್ಟಿಲ ಬಳಿ ಕುಕ್ಕರುಗಾಲಿನಲ್ಲಿ ಕೂತಳು. ಡೇರೆಯ ಎಸಳನ್ನು ಎರಡು ಬೆರಳಲ್ಲಿ ಹಿಡಿದಳು. ನಾನು ಕೊಟ್ಟದ್ದು ಕಡುಗೆಂಪು, ಇದು ಗುಲಾಬಿ ಬಣ್ಣ ಅಲ್ಲವಾ ಎಂದು ಕೇಳಿದಳು. ಇಲ್ಲಿಯ ಮಣ್ಣಿಗೆ ಬಣ್ಣ ತಿಳಿಯಾಗುತ್ತದಮ್ಮ ಎಂದಳು ಯಶೋಧರಾ. ಬಾಗಿಲ ಹಿಂದೆ ಗುಡ್ಡಮ್ಮ ಕೆಮ್ಮಿದಳು.

ಆಗ ಹುಲಿಗೆಮ್ಮನ ಕಣ್ಣು ಕುಂಡಗಳನ್ನು ದಾಟಿ ಅಂಗಳಕ್ಕೆ ಹೋಯಿತು. ಮೊಣಕಾಲುದ್ದ ತುಂಬೆ, ನೆಲ ಕಾಣದಂತೆ ಹೊನಗೊನ್ನೆ. ಅವಳ ಮುಖ ಚಿಕ್ಕದಾಯಿತು.

"ಇದೆಂಥದೇ ಅಂಗಳ ಈ ಥರ ಹಾಳು ಬಿದ್ದಿದೆ? ಒಂದು ಕಳೆ ಕೀಳಕ್ಕೂ ಪುರಸೊತ್ತಿಲ್ವಾ ನಿಂಗೆ?"

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಯಶೋಧರಾ ಹೇಳಲಿಲ್ಲ. ಶ್ರಾವಣ ನೋಡಮ್ಮ, ಜಾಕೀಟು ಹೊಲಿದು ಮುಗಿಯುವುದೇ ಇಲ್ಲ, ಅಂಗಳದ ಕಡೆ ನೋಡಲು ಹೊತ್ತೆಲ್ಲಿ ಎಂದುಬಿಟ್ಟಳು. ಹುಲಿಗೆಮ್ಮ ಮಗಳ ತಲೆ ನೇವರಿಸಿ, ಸುಸ್ತಾಗಿದ್ದೀಯ ಪಾಪ, ಅಂದಳು. ಆ ಮಾತು ಯಶೋಧರಾಳಿಗೆ ಮುಳ್ಳಿನಂತೆ ನಟ್ಟಿತು.

ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಎದ್ದರು. ಮಾಲತೇಶ ಅಂಗಡಿಗೆ, ಸೋಮವಾರವಾದ್ದರಿಂದ ಗುಡ್ಡಮ್ಮ ಗುಡಿಗೆ. ಯಶೋಧರಾ ತಾಯಿಗೆ ತಿಂಡಿ ಕೊಟ್ಟು, ಮಗಳನ್ನು ಶಾಲೆಗೆ ಬಿಟ್ಟು, ಅಲ್ಲಿಂದ ಹೊಲಿದ ಬಟ್ಟೆ ಎರಡು ಮನೆಗೆ ಕೊಟ್ಟು, ಬೀಗತಿಯರಿಬ್ಬರಿಗೂ ಇಷ್ಟವೆಂದು ಎಳೇ ಬದನೆಕಾಯಿ ಆರಿಸಿ ತಂದಳು. ಬರುವಾಗ ಮನಸ್ಸು ಹಗುರವಾಗಿತ್ತು. ಇನ್ನೊಂದು ದಿನ ಕಳೆದರೆ ಅಮ್ಮ ಬಸ್ಸು ಹತ್ತುತ್ತಾಳೆ, ಕುಂಡಗಳು ತಾರಸಿ ಹತ್ತುತ್ತವೆ.

ಗೇಟು ತೆರೆದವಳು ಅಲ್ಲೇ ನಿಂತಳು. ಅಂಗಳ ಬೋಳಾಗಿತ್ತು. ರಾತ್ರಿಯ ಮಳೆಗೆ ಮಣ್ಣು ಮೆತ್ತಗಾಗಿದ್ದು ಕೈಗೆ ಎಲ್ಲ ಸಲೀಸಾಗಿ ಬಂದಿತ್ತು. ದಾಸವಾಳ, ನಂದಿಬಟ್ಟಲು, ಲಕ್ಕಿ, ಲಾವಂಚ ಉಳಿದಿದ್ದವು. ತುಳಸಿಯ ಪಕ್ಕ ದೇವರಿಗೆಂದು ಒಂದೇ ಒಂದು ತುಂಬೆ ಗಿಡ. ಮಿಕ್ಕದ್ದೆಲ್ಲ ಗೋಡೆಯ ಬುಡದಲ್ಲಿ ಕಟ್ಟು ಕಟ್ಟಾಗಿ ಸಾಲು ಹಿಡಿದಿತ್ತು. ಗದ್ದೆಯಲ್ಲಿ ಸಸಿ ಕಿತ್ತ ಹಾಗೆಯೇ ಹುಲಿಗೆಮ್ಮ ಪ್ರತಿ ಹಿಡಿಯನ್ನೂ ಪಾದಕ್ಕೆ ಬಡಿದು ಮಣ್ಣು ಕೊಡವಿ, ಅದೇ ಹುಲ್ಲಿನಿಂದ ಸುತ್ತಿ ಕಟ್ಟಿದ್ದಳು. ಕಳೆಗೆ ಯಾರೂ ಕಟ್ಟು ಹಾಕುವುದಿಲ್ಲ. ಆ ಕೈಗೆ ಬೇರೆ ರೀತಿ ಕೀಳಲು ಬರುತ್ತಿರಲಿಲ್ಲ, ಅಷ್ಟೇ.

ಹುಲಿಗೆಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು ಬೆವರು ಒರೆಸಿಕೊಳ್ಳುತ್ತಿದ್ದಳು. ಮುಖದಲ್ಲಿ ಹಬ್ಬ. "ನೋಡು, ಈಗ ಮನೆ ಅಂತ ಕಾಣ್ತದೆ."

ಒಳ್ಳೇದಾಯಿತಮ್ಮ, ಕೈಕಾಲು ತೊಳೆದುಕೋ, ಕಾಫಿ ಮಾಡುತ್ತೇನೆ, ಎಂದಷ್ಟೇ ಹೇಳಿ ಯಶೋಧರಾ ಒಳಗೆ ಹೋದಳು. ಒಲೆ ಹಚ್ಚಿದಳು, ಪಾತ್ರೆ ಇಡಲು ಮರೆತಳು. ಸುಮ್ಮನಿದ್ದುಬಿಡಬಹುದು. ಬೀಜ ಉದುರಿರುತ್ತದೆ, ಮುಂದಿನ ಮಳೆಗೆ ಹುಟ್ಟೀತು. ಅಮ್ಮ ಸಂತೋಷವಾಗಿ ಊರಿಗೆ ಹೋಗುತ್ತಾಳೆ. ಆದರೆ ಹೋದವಳು ಮುಂದಿನ ಶ್ರಾವಣಕ್ಕೆ ಮತ್ತೆ ಬರುತ್ತಾಳೆ, ಮಗಳಿಗೆ ಪುರಸೊತ್ತಿಲ್ಲ ಎಂದು ಮತ್ತೆ ಕೀಳುತ್ತಾಳೆ. ಅಡಿಗೆಮನೆಯ ಕಿಟಕಿಯಿಂದ ನೋಡಿದಳು. ಬೀದಿಯ ತುದಿಯಲ್ಲಿ ಕಸದ ಗಾಡಿಯ ಹಾಡು ಕೇಳುತ್ತಿತ್ತು. ಹುಲಿಗೆಮ್ಮ ಎರಡು ಕಂಕುಳಲ್ಲೂ ಕಟ್ಟುಗಳನ್ನು ಅವುಚಿಕೊಂಡು ಗೇಟಿನ ಕಡೆ ಹೊರಟಿದ್ದಳು.

ಯಶೋಧರಾ ಒಲೆ ಆರಿಸಿ ಓಡಿದಳು. "ಅಮ್ಮ, ಹಾಕಬೇಡ. ಅದು ಕಳೆ ಅಲ್ಲ. ಅದೇ ನನ್ನ ತೋಟ."

ಹುಲಿಗೆಮ್ಮನಿಗೆ ಅರ್ಥವಾಗಲಿಲ್ಲ. ಕಟ್ಟುಗಳನ್ನು ಅವುಚಿಕೊಂಡೇ ನಿಂತಳು. ಕಸದ ಗಾಡಿಯವನು ಬಂದು, ಇವರಿಬ್ಬರ ಮುಖ ನೋಡಿ, ಮುಂದಿನ ಮನೆಗೆ ಹೋದ. ಯಶೋಧರಾ ಎಲ್ಲ ಹೇಳಿದಳು. ಬೋರ್‌ವೆಲ್ಲು ಕೆಸರು ಕಾರಿದ್ದು, ಹತ್ತಿಯಂತಾದ ಗೆಡ್ಡೆ, ಗಂಗಾಶ್ರೀಯ ಕುಂಡ, ಫೋನಿನಲ್ಲಿ ಅರಳಿದ ಹೂಗಳು. ತುಂಬೆ ಹುಟ್ಟಿದ ಬೆಳಿಗ್ಗೆಯನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಮೂಗು ಒರೆಸಿಕೊಂಡಳು. ತಾಯಿ ಬಯ್ಯುತ್ತಾಳೆಂದು ಕಾದಳು, ಅಳುತ್ತಾಳೆಂದೂ ಕಾದಳು. ಹುಲಿಗೆಮ್ಮ ಮೆಟ್ಟಿಲ ಮೇಲೆ ಮೆಲ್ಲಗೆ ಕೂತಳು.

"ಡೇರೆ ಹೋದರೆ ಹೋಗ್ಲಿ. ಗಿಡ ಎಂಥ, ಇನ್ನೊಂದು ಹುಟ್ತದೆ," ಅಂದಳು. ಕಟ್ಟುಗಳನ್ನು ಪಕ್ಕಕ್ಕಿಟ್ಟು ಮತ್ತೆ ಅಂದಳು, "ಫೋನು ಮಾಡಿದಾಗ ನಿನ್ನ ಪಕ್ಕ ಯಾರಿರ್ತಾರೋ ಏನೋ. ಅತ್ತೆ ಹೆಂಗೆ ನೋಡ್ಕೊಳ್ತಾರೆ, ಗಂಡ ಹೆಂಗೆ, ಅಂತ ಬಾಯಿಬಿಟ್ಟು ಕೇಳಕ್ಕಾಗ್ತದಾ? ಅದಕ್ಕೇ ಹೂ ಕೇಳ್ತಿದ್ದೆ. ಬಿಟ್ಟದೆ ಅಂತ ನೀನು ಅಂದ್ರೆ, ನಿಮ್ಮಪ್ಪಂಗೆ ಹೇಳ್ತಿದ್ದೆ, ಹುಡುಗಿ ಚಂದಾಗಿದಾಳೆ ಅಂತ. ಈಗ ಅದೇ ಸುಳ್ಳು ಅಂತೀಯ. ಹಂಗಾದ್ರೆ ಚಂದಾಗಿದೀನಿ ಅಂದಿದ್ದು?"

ಯಶೋಧರಾ ಬೆಚ್ಚಿದಳು. ಇದೊಂದನ್ನು ಅವಳು ಯೋಚಿಸಿಯೇ ಇರಲಿಲ್ಲ. ಅದು ನಿಜ ಅಮ್ಮ, ಆಣೆಯಾಗಿ ನಿಜ, ಎಂದಳು. ಆದರೆ ಕೆಂಪು ಡೇರೆಯನ್ನೂ ಇದೇ ದನಿಯಲ್ಲಿ ಹೇಳಿದ್ದಳಲ್ಲ. ತಾಯಿ ಅವಳ ಮುಖವನ್ನು, ನಿನ್ನೆ ಸಂಜೆ ನೋಡಿದ ಹಾಗೆಯೇ, ಮತ್ತೆ ದಿಟ್ಟಿಸಿ ನೋಡಿದಳು.

ಹುಲಿಗೆಮ್ಮನೇ ಮೊದಲು ಎದ್ದಳು. ಒಂದು ಕಟ್ಟು ಬಿಚ್ಚಿ ಬೇರು ಹಿಸುಕಿ ನೋಡಿದಳು. ಬೇರು ಇನ್ನೂ ಹಸಿ ಇತ್ತು, ಒಂದೂ ಹರಿದಿರಲಿಲ್ಲ. ಮೋಡವೂ ಇದೆ, ಬಿಸಿಲೇರುವುದರೊಳಗೆ ನೆಡಬೇಕು, ಮಾತು ಆಮೇಲೆ, ಎಂದು ಸೀರೆ ಎತ್ತಿ ಕಟ್ಟಿದಳು. ತಗ್ಗಿನಲ್ಲಿ ನಿಂತಿದ್ದ ಮಳೆನೀರನ್ನು ಕೈಯಲ್ಲೇ ಎಳೆದು ಅಂಗಳಕ್ಕೆ ಹರಿಸಿದಳು. ಮಗಳ ಹತ್ತಿರ ಪಿಕಾಸಿ ತರಿಸಿ ಮಣ್ಣು ಸಡಿಲಿಸಿ, ಕಾಲಿನಲ್ಲಿ ತುಳಿದು ಕೆಸರು ಮಾಡಿದಳು. ಆಮೇಲೆ ಬೆನ್ನು ಬಗ್ಗಿಸಿ, ಎಡಗೈಯಲ್ಲಿ ಕಟ್ಟು, ಬಲಗೈ ಹೆಬ್ಬೆರಳಿನಲ್ಲಿ ಒತ್ತುತ್ತ, ಹಿಂದೆ ಹಿಂದೆ ಸರಿಯುತ್ತ ತುಂಬೆ ನಾಟಿ ಮಾಡತೊಡಗಿದಳು. ಸಾಲು ದಾರ ಹಿಡಿದಷ್ಟು ನೆಟ್ಟಗಿತ್ತು. ಇವು ಹೀಗೆ ಸಾಲಾಗಿ ಇರುತ್ತಿರಲಿಲ್ಲ ಅಮ್ಮ, ಅಲ್ಲೊಂದು ಇಲ್ಲೊಂದು ಇರುತ್ತಿದ್ದವು, ಎಂದಳು ಯಶೋಧರಾ. ಅಲ್ಲೊಂದು ಇಲ್ಲೊಂದು ನೆಡಲು ನನ್ನ ಕೈಗೆ ಬರುವುದಿಲ್ಲ, ನೀನು ಬೇಕಾದರೆ ನಿನ್ನದನ್ನು ಕೆಡಿಸಿಕೋ ಎಂದು ತಾಯಿ ತಲೆ ಎತ್ತದೆ ಹೇಳಿದಳು.

ಅಷ್ಟರಲ್ಲಿ ಗುಡ್ಡಮ್ಮ ಹಣೆ ತುಂಬ ವಿಭೂತಿ ಇಟ್ಟುಕೊಂಡು ಗುಡಿಯಿಂದ ಬಂದಳು. ಗೇಟಿನಲ್ಲೇ ನಿಂತಳು.

"ಏನ್ ಮಾಡೀರಿ ಬೀಗ್ತಿ ಇದು? ನನ್ನ ಹೊನಗೊನ್ನೆ ಎಲ್ಲೈತಿ?"

ಯಶೋಧರಾ ಹೆದರಿದಳು. ಗುಡ್ಡಮ್ಮನ ಬಾಯಿ ಒಮ್ಮೆ ಶುರುವಾದರೆ ಬೀದಿಯ ತುದಿಗೆ ಕೇಳಿಸುತ್ತಿತ್ತು. ಆದರೆ ಹುಲಿಗೆಮ್ಮ ಕೆಸರುಗೈ ಮುಗಿದು, ತಪ್ಪು ನನ್ನದೇ, ಮಗಳ ಹೊಲ ಕಿತ್ತುಬಿಟ್ಟೆ, ಈಗ ಜುಲ್ಮಾನೆ ಕಟ್ಟುತ್ತಿದ್ದೇನೆ, ಎಂದಳು. ಗುಡ್ಡಮ್ಮ ಪ್ರಸಾದದ ಬುಟ್ಟಿಯನ್ನು ಕಿಟಕಿಯ ಮೇಲಿಟ್ಟು ಚಪ್ಪಲಿ ಬಿಟ್ಟಳು, ಸೆರಗು ಸಿಕ್ಕಿಸಿದಳು, ಕೆಸರಿಗಿಳಿದಳು. ಇಳಿದವಳು ಸುಮ್ಮನಿರಲಿಲ್ಲ. ಹೊನಗೊನ್ನೆ ಇದ್ದದ್ದು ಇಲ್ಲಿ, ಬಚ್ಚಲ ಕಾಲುವೆಯ ಬಾಯಿಗೆ. ವಿಷ್ಣುಕ್ರಾಂತಿ ಆ ಕಲ್ಲಿನ ಮಗ್ಗುಲಿಗೆ, ಅದಕ್ಕೆ ಬಿಸಿಲು ಬೇಕು. ಗಣಿಕೆ ಲಕ್ಕಿಯ ನೆರಳಿಗೆ. ನನ್ನ ಸೊಸಿ ಇದನ್ನೆಲ್ಲ ಸುಮ್ನೆ ಬಿಟ್ಟಾಳ ಅನ್ಕಂಡೀರೇನ್ರಿ, ಒಂದೊಂದಕ್ಕೂ ಜಾಗ ನೋಡಿ ಬಿಟ್ಟಾಳ. ಹೀಗೆ ಹೇಳುತ್ತಲೇ, ಕೆಸರಿಗೆ ಜಾರುತ್ತಿದ್ದ ಯಶೋಧರಾಳ ಸೆರಗನ್ನು ಹಿಂದಿನಿಂದ ಎಳೆದು, ಅವಳ ಸೊಂಟಕ್ಕೆ ಸಿಕ್ಕಿಸಿ, ಹಣೆಗೆ ಬಿದ್ದ ಕೂದಲನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳಿದಳು. ಅತ್ತ ನೋಡಲೂ ಇಲ್ಲ, ಮಾತು ನಿಲ್ಲಿಸಲೂ ಇಲ್ಲ. ದಿನಾ ಮಾಡಿ ರೂಢಿಯಾದ ಕೆಲಸದ ಹಾಗಿತ್ತು. ಯಶೋಧರಾಳೂ ಅದನ್ನು ಗಮನಿಸದೆ ಮುಂದಿನ ಹಿಡಿ ತುಂಬೆಗೆ ಕೈ ಚಾಚಿದಳು.

ಹುಲಿಗೆಮ್ಮ ಮಾತ್ರ ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡಿ, ಆ ಇಬ್ಬರನ್ನೂ ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಆಮೇಲೆ ಮತ್ತೆ ಬಗ್ಗಿದಳು.

ಮಧ್ಯಾಹ್ನ ಊಟಕ್ಕೆಂದು ಬಂದ ಮಾಲತೇಶನಿಗೆ ಮನೆಯಲ್ಲಿ ಅಡಿಗೆಯ ವಾಸನೆಯೂ ಇರಲಿಲ್ಲ. ಮೂವರು ಹೆಂಗಸರು ಮೊಣಕಾಲವರೆಗೆ ಕೆಸರು ಮಾಡಿಕೊಂಡು, ಅವನು ಬೆಳಿಗ್ಗೆಯಿಂದ ಯಾವುದನ್ನು ಸಾಯಿಸಲು ಬಾಟಲಿ ಮಾರುತ್ತಿದ್ದನೋ ಅದನ್ನೇ ಬದುಕಿಸಲು ಪರದಾಡುತ್ತಿದ್ದರು. ಗಂಗಾಶ್ರೀ ಕಾಂಪೌಂಡಿನ ಆಚೆ ನಿಂತು ತಾನೇ ಕಾಫಿ ಮಾಡಿ ತಂದ ಲೋಟಗಳನ್ನು ಹಂಚುತ್ತಿದ್ದಳು. ಮಾಲತೇಶ ಬೈಕು ನಿಲ್ಲಿಸಿ ಪ್ಯಾಂಟು ಮಡಚಿದ. ಮೊದಲ ಹೆಜ್ಜೆಗೇ ಆಗಷ್ಟೇ ನೆಟ್ಟ ವಿಷ್ಣುಕ್ರಾಂತಿಯ ಮೇಲೆ ಕಾಲಿಟ್ಟ. ಕಣ್ಣು ಕಾಣಲ್ವೇನ್ರೀ ಎಂದು ಯಶೋಧರಾ ರೇಗಿದಳು. ಅವನು ಹೆಂಡತಿಗೆ ಏನೂ ಹೇಳದೆ ಬಗ್ಗಿ ಆ ಗಿಡಕ್ಕೆ, "ತಪ್ಪಾತು ತಾಯಿ" ಎಂದು ಕೈ ಮುಗಿದ. ಹುಲಿಗೆಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಹೆಗಲು ಕುಲುಕುತ್ತಿತ್ತು. ಅಮ್ಮ ಅಳುತ್ತಿದ್ದಾಳೆಂದು ಯಶೋಧರಾ ಹತ್ತಿರ ಹೋಗಿ ನೋಡಿದರೆ, ನಗು ತಡೆಯಲಾರದೆ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

ಅದೇ ಹೊತ್ತಿಗೆ ಮಾಲತೇಶನ ಹಳೇ ಗಿರಾಕಿ ವೀರಬಸಪ್ಪ ಆ ದಾರಿಯಲ್ಲಿ ಮೊಪೆಡ್ಡಿನಲ್ಲಿ ಹೋಗುತ್ತಿದ್ದವನು ನಿಲ್ಲಿಸಿದ.

"ಏನ್ ಮಾಲತೇಶಪ್ಪಾ, ಕಳೆ ನಾಟಿ ಮಾಡಾಕತ್ತೀರಿ? ಔಷಧಿ ಯಾಪಾರ ಕಮ್ಮಿ ಆತೇನು?"

"ಕಳೆ ಇದ್ರೇ ಅಲ್ರೀ ಔಷಧಿ ಖರ್ಚಾಗೋದು. ಸಸಿ ಬೇಕಾದ್ರೆ ಹೇಳ್ರಿ, ನಿಮ್ಮ ಹೊಲಕ್ಕೂ ಎರಡು ಕಟ್ಟು ಕಳಿಸ್ತೀನಿ," ಅಂದ ಮಾಲತೇಶ. ವೀರಬಸಪ್ಪ ಇಳಿದು ಬರಲಿಲ್ಲವಾದರೂ, ತುಂಬೆಯನ್ನು ಅಷ್ಟು ಆಳಕ್ಕೆ ಇಳಿಸಬೇಡಿ, ಕೊಳೆಯುತ್ತದೆ, ಎಂದು ರಸ್ತೆಯಿಂದಲೇ ಸಲಹೆ ಕೊಟ್ಟು ಹೋದ.

ಬಿಸಿಲು ಮೋಡದ ಹಿಂದೆಯೇ ಉಳಿಯಿತು. ಕೊನೆಯ ಕಟ್ಟು ಮುಗಿಯುವ ಹೊತ್ತಿಗೆ ಅಂಗಳದ ಅರ್ಧ ಗದ್ದೆಯಂತೆ ಸಾಲು ಸಾಲಾಗಿಯೂ, ಅರ್ಧ ಸಂತೆಯಂತೆ ಚೆಲ್ಲಾಪಿಲ್ಲಿಯಾಗಿಯೂ ಇತ್ತು. ಗಿಡಗಳೆಲ್ಲ ತಲೆ ಬಾಗಿಸಿ ಮಲಗಿದ್ದವು. ಕೆಲವು ಖಂಡಿತ ಬದುಕಲಾರವು ಎಂದು ಯಶೋಧರಾಳಿಗೆ ಅನಿಸಿತು. ಅವಳಿಗೆ ಈಗ ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗುತ್ತಿದ್ದುದು, ಆಮೇಲೆ ಎಂದು ತಾಯಿ ಮುಂದೂಡಿದ್ದ ಮಾತಿಗೆ.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಾಯಿ, ಮಗಳು ಒಬ್ಬರ ಕಾಲಿಗೆ ಒಬ್ಬರು ನೀರು ಹಾಕಿಕೊಂಡರು. ಒಳಗೆ ಗುಡ್ಡಮ್ಮ ಬದನೆಕಾಯಿ ಹೆಚ್ಚುತ್ತ ಮಗನಿಗೆ ತೆಂಗಿನಕಾಯಿ ತುರಿಯಲು ಹೇಳುತ್ತಿದ್ದಳು. ಅವನು ತುರಿಯುವುದು ದಪ್ಪವಾಯಿತೆಂದು ಬಯ್ಯುವುದೂ ಕೇಳುತ್ತಿತ್ತು.

ಗೆಡ್ಡೆ ಒಣಗಿದ್ದು ಯಾವಾಗ ಎಂದು ಹುಲಿಗೆಮ್ಮ ಕೇಳಿದಳು. ಯಶೋಧರಾ ಹೇಳಿದಳು. ತಾಯಿ ಚಂಬು ಕೆಳಗಿಟ್ಟಳು.

"ಅವತ್ತೇ ಸತ್ತು ಹೋತು ಅಂತ ಹೇಳಿದ್ರೆ, ಏನಾತೋ ಹುಡುಗಿಗೆ ಅಂತ ಮರುದಿನವೇ ಬಸ್ಸು ಹತ್ತಿ ಬರ್ತಿದ್ದೆ. ಇದೆಲ್ಲ ಆವಾಗ್ಲೇ ನೋಡ್ತಿದ್ದೆ. ಹೂ ಬಿಟ್ಟದೆ, ಹೂ ಬಿಟ್ಟದೆ ಅಂತ ಹೇಳಿ ಹೇಳಿ ನನ್ನನ್ನ ಉಳವೀಲೇ ಕೂರಿಸಿಬಿಟ್ಟೆಯಲ್ಲೇ."

ಯಶೋಧರಾ ಚಂಬು ಎತ್ತಿಕೊಂಡು ತಾಯಿಯ ಕಾಲಿಗೆ ಮತ್ತೆ ನೀರು ಹಾಕಿದಳು. "ಈಗ ನೋಡಿದ್ಯಲ್ಲಮ್ಮ," ಎಂದಳು.

"ನೋಡಿದೆ," ಅಂದಳು ಹುಲಿಗೆಮ್ಮ. ಒಳಗಿನ ತುರಿಮಣೆಯ ಸದ್ದಿಗೆ ಕಿವಿಗೊಟ್ಟು ಇನ್ನೊಮ್ಮೆ ಅಂದಳು, "ನೋಡಿದೆ, ಬಿಡು."

ಆಮೇಲೆ ಕೈ ಒರೆಸಿಕೊಂಡು, ನಾಳೆಯ ಬಸ್ಸಿಗೆ ತಾನು ಹೋಗುವುದಿಲ್ಲವೆಂದು ಒಳಗಿದ್ದವರಿಗೂ ಕೇಳುವಂತೆ ಸಾರಿದಳು. ನೆಟ್ಟದ್ದು ಬೇರು ಹಿಡಿದು ತಲೆ ಎತ್ತುವವರೆಗೆ ಗದ್ದೆ ಬಿಟ್ಟು ಹೋಗುವ ಪದ್ಧತಿ ತನ್ನಲ್ಲಿಲ್ಲ, ಇದು ಬೀಗತಿಗೆ ಒಪ್ಪಿಗೆ ತಾನೇ ಎಂದು ಕೇಳಿದಳು. ಒಪ್ಪಿಗೆಯೇ, ಆದರೆ ಒಂದು ಷರತ್ತು, ಕೂತಲ್ಲಿ ಕೂತು ಇನ್ನೇನನ್ನೂ ಕೀಳಬಾರದು ಎಂದು ಅಡಿಗೆಮನೆಯಿಂದ ಗುಡ್ಡಮ್ಮನ ಉತ್ತರ ಬಂತು.

ಉಳವಿಗೆ ಫೋನು ಹಚ್ಚಿಕೊಟ್ಟಳು ಯಶೋಧರಾ. ಹೆಂಡತಿ ಇನ್ನೂ ಒಂದು ವಾರ ಬರುವುದಿಲ್ಲ ಎಂದು ಕೇಳಿ ಅವಳ ಅಪ್ಪ ಹುಲಿಯಪ್ಪ ಅತ್ತಲಿಂದ ಗಾಬರಿ ಬಿದ್ದ. ಎಮ್ಮೆ ತನ್ನನ್ನು ಹತ್ತಿರಕ್ಕೇ ಬಿಟ್ಟುಕೊಳ್ಳುತ್ತಿಲ್ಲ, ನಿನ್ನೆಯಿಂದ ಹಾಲು ಕೊಟ್ಟಿಲ್ಲ, ಒದೆಯುತ್ತಿದೆ, ಎಂದ. ಹುಲಿಗೆಮ್ಮ ಫೋನನ್ನು ಬಾಯಿಗೆ ಹತ್ತಿರ ತಂದು, ಗುಟ್ಟೆಂಬಂತೆ ದನಿ ತಗ್ಗಿಸಿ, ಆದರೆ ಇಡೀ ಮನೆಗೆ ಕೇಳುವಂತೆ ಹೇಳಿದಳು:

"ಗಳದ ಮೇಲೆ ನನ್ನ ಹಸಿರು ಸೀರೆ ಅದೆ. ಅದನ್ನ ತಲೆ ತುಂಬ ಹೊದ್ದು, ಮೀಸೆ ಕಾಣದ ಹಂಗೆ ಹೋಗಿ ಕೂತ್ಕಳಿ. ಮಾತು ಮಾತ್ರ ಆಡಬೇಡಿ, ಗೊತ್ತಾಗಿಬಿಡ್ತದೆ ಅದಕ್ಕೆ."